ಮಗುವನ್ನು ಈಜು ಕ್ಲಬ್ಬಿಗೆ ಸೇರಿಸುವ ಮುನ್ನ ಹಾಕಬೇಕಾದ ಲೆಕ್ಕ

ಮೇ ತಿಂಗಳ ಕೊನೆಯ ವಾರ. ಬೆಳಗಾವಿಯ ಈಜುಗೊಳಗಳಲ್ಲಿ ಬೇಸಿಗೆ ಶಿಬಿರ ಮುಗಿಯುತ್ತಾ ಬಂದಿರುತ್ತದೆ. ಏಪ್ರಿಲ್‌ನಲ್ಲಿ ನೀರು ಕಂಡರೆ ಅಳುತ್ತಿದ್ದ ಮಗು ಈಗ ಈ ದಡದಿಂದ ಆ ದಡಕ್ಕೆ ಎಲ್ಲಿಯೂ ನಿಲ್ಲದೆ ಹೋಗಿ ಮುಟ್ಟುತ್ತದೆ. ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡ ಕೋಚ್ ಪಾಲಕರನ್ನು ಪಕ್ಕಕ್ಕೆ ಕರೆದು, ‘ಇವಳಿಗೆ ನೀರು ಒಗ್ಗಿದೆ, ಇಷ್ಟಕ್ಕೇ ಬಿಡಬೇಡಿ, ಸ್ಪರ್ಧೆಯ ಬ್ಯಾಚಿಗೆ ಹಾಕಿ’ ಎನ್ನುತ್ತಾರೆ. ಪಾಲಕರ ಬಾಯಿಂದ ಬರುವ ಮೊದಲ ಪ್ರಶ್ನೆ, ‘ತಿಂಗಳಿಗೆ ಎಷ್ಟಾಗುತ್ತದೆ ಸರ್?’

ನಾನೂ ಅದನ್ನೇ ಕೇಳಿದ್ದೆ. ಮಗಳಿಗೆ ಆಗ ಎಂಟು ವರ್ಷ. ಈಗ ಹದಿಮೂರು. ಈ ಐದು ವರ್ಷಗಳಲ್ಲಿ ನನಗೆ ಮನದಟ್ಟಾದ ಸಂಗತಿ ಏನೆಂದರೆ, ತಿಂಗಳ ಫೀಸು ಈ ಲೆಕ್ಕದಲ್ಲಿ ಬರುವ ಅತಿ ಸಣ್ಣ ಅಂಕಿ. ಅದನ್ನೊಂದೇ ಕೇಳಿಕೊಂಡು ಹೂಂ ಅಂದವರೂ ತಪ್ಪುತ್ತಾರೆ, ಊಹೂಂ ಅಂದವರೂ ತಪ್ಪುತ್ತಾರೆ. ಬಂಧುಗಳು, ಓಣಿಯವರು ಫೋನ್ ಮಾಡಿ ಕೇಳಿದಾಗ ಹೇಳುವುದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಈಜು ಕಲಿಯುವುದು ಬೇರೆ, ಸ್ಪರ್ಧೆಗೆ ಈಜುವುದು ಬೇರೆ. ಇವೆರಡನ್ನು ಮೊದಲು ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಹಿರಿಯರು ಬಾವಿಯಲ್ಲಿ ಈಸು ಬಿದ್ದೇ ಕಲಿತವರು. ಬೆನ್ನಿಗೆ ಬೆಂಡು ಇಲ್ಲವೇ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಮೇಲೆ ನಿಂತ ಸೋದರಮಾವನೋ ಅಣ್ಣನೋ ಹಿಡಿದಿರುತ್ತಿದ್ದರು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಹರಿಯುವ ಸೀಮೆ ನಮ್ಮದು. ಬಾವಿ, ಕಾಲುವೆ, ಕೃಷಿ ಹೊಂಡಗಳು ಊರೂರಿಗೂ ಇವೆ. ಇಲ್ಲಿ ಹುಟ್ಟಿದ ಪ್ರತಿ ಮಗುವೂ ನೀರಿನಲ್ಲಿ ತಲೆ ಎತ್ತಿ ಉಳಿಯುವುದನ್ನು ಕಲಿಯಲೇಬೇಕು. ಅದಕ್ಕೆ ಒಂದೆರಡು ಬೇಸಿಗೆ ಸಾಕು. ಅದರಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ, ಕಲಿಸಿಬಿಡಿ.

ಸ್ಪರ್ಧೆಯ ಬ್ಯಾಚ್ ಎಂಬುದು ಬೇರೆಯೇ ಲೋಕ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ನಾಲ್ಕನ್ನೂ ನಿಯಮದಂತೆ ಈಜಬೇಕು. ಕಟ್ಟೆಯ ಮೇಲಿನಿಂದ ಹಾರುವುದು, ಗೋಡೆ ಮುಟ್ಟಿ ತಿರುಗುವುದು, ನೀರಿನೊಳಗೆ ಜಾರಿಕೊಂಡು ಹೋಗುವುದು ಇವೆಲ್ಲ ಪ್ರತ್ಯೇಕ ವಿದ್ಯೆಗಳು. ಇಲ್ಲಿ ಸೆಕೆಂಡನ್ನು ನೂರು ಭಾಗ ಮಾಡಿ ಎಣಿಸುತ್ತಾರೆ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ಸಮಯ 53.85 ಇತ್ತು. ನೂರರಲ್ಲಿ ಎಂಟು ಭಾಗದಷ್ಟು ಅಂತರ, ಕಣ್ಣೆವೆ ಮುಚ್ಚುವಷ್ಟೂ ಹೊತ್ತಲ್ಲ. ಈ ಆಟದಲ್ಲಿ ಅಷ್ಟು ಸಣ್ಣದನ್ನು ಗಳಿಸಲು ವರ್ಷಗಟ್ಟಲೆ ದುಡಿಯಬೇಕು. 50 ಮೀಟರ್ ಕೊಳದಲ್ಲಿ ಎರಡು ಕಿಲೋಮೀಟರ್ ಅಭ್ಯಾಸವೆಂದರೆ ನಲವತ್ತು ಸಲ ಗೋಡೆಯಿಂದ ಗೋಡೆಗೆ. ಹತ್ತು-ಹನ್ನೊಂದು ವರ್ಷದವರ ಬ್ಯಾಚಿನಲ್ಲಿ ಇದು ಸಾಮಾನ್ಯ ದಿನದ ಕೆಲಸ.

ವ್ಯವಸ್ಥೆ ಹೇಗಿದೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಹಣ ಎಲ್ಲೆಲ್ಲಿ ಹೋಗುತ್ತದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಕೊಳ ಒಬ್ಬರದು, ಕ್ಲಬ್ ಇನ್ನೊಬ್ಬರದು. ಗೋವಾವೇಸ್‌ನ ಕೊಳವಾಗಲಿ, ನೆಹರು ನಗರದ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ಆವರಣದ ಒಲಿಂಪಿಕ್ ಅಳತೆಯ ಕೊಳವಾಗಲಿ, ಅಲ್ಲಿ ಸಾರ್ವಜನಿಕರಿಗೊಂದು ಹೊತ್ತು, ತರಬೇತಿಗೊಂದು ಹೊತ್ತು ಎಂದಿರುತ್ತದೆ. ಕ್ಲಬ್ಬಿನವರು ತಮ್ಮ ಹೊತ್ತಿನಲ್ಲಿ ಬಂದು ತರಬೇತಿ ಕೊಡುತ್ತಾರೆ. ಹಾಗಾಗಿ ಕೊಳದ ಪ್ರವೇಶದ ಹಣ ಬೇರೆ, ಕೋಚಿನ ಹಣ ಬೇರೆ ಆಗಿರಬಹುದು. ಕ್ಲಬ್ಬುಗಳ ಮೇಲೆ ಕರ್ನಾಟಕ ಈಜು ಸಂಸ್ಥೆ, ಅದರ ಮೇಲೆ ಭಾರತೀಯ ಈಜು ಫೆಡರೇಷನ್. ಈ ದಾರಿಯಲ್ಲಿ ಹೋಗುವ ಮಗು ಫೆಡರೇಷನ್ನಿನಲ್ಲಿ ಹೆಸರು ನೋಂದಾಯಿಸಿ ಒಂದು ಸಂಖ್ಯೆ ಪಡೆಯಬೇಕು. ಜನನ ಪ್ರಮಾಣಪತ್ರ ಸರಿಯಾಗಿಲ್ಲದಿದ್ದರೆ ಇಲ್ಲಿಯೇ ತೊಡಕು. ಶಾಲೆಯ ದಾರಿ ಇನ್ನೊಂದು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟದವರೆಗೆ ಹೋಗುತ್ತದೆ; ಅಲ್ಲಿ 14, 17 ಮತ್ತು 19 ವರ್ಷದೊಳಗಿನವರ ಗುಂಪುಗಳಿವೆ. ನಮ್ಮ ಜಿಲ್ಲೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ನಿಮ್ಮ ಶಾಲೆ ಯಾವುದಕ್ಕೆ ಸೇರಿದೆ ಎಂದು ನೋಡಿಕೊಳ್ಳಿ.

ಈಗ ಹಣಕ್ಕೆ ಬರೋಣ. ತಿಂಗಳ ಅಂಕಿಯನ್ನು ಮರೆತು ವರ್ಷದ ಹಾಳೆಯೊಂದನ್ನು ಮಾಡಿ. ಕೊಳದ ಪ್ರವೇಶ, ತರಬೇತಿ ಫೀಸು, ಕ್ಲಬ್ಬಿನ ವಾರ್ಷಿಕ ಸದಸ್ಯತ್ವ, ನೋಂದಣಿ, ಸ್ಪರ್ಧೆಯಲ್ಲಿ ಪ್ರತಿ ವಿಭಾಗಕ್ಕೂ ಕಟ್ಟುವ ಪ್ರವೇಶ ಶುಲ್ಕ, ಇವಿಷ್ಟನ್ನು ಕ್ಲಬ್ಬಿನ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಬಹುದು. ಕೇಳಿದರೆ ಹೇಳುತ್ತಾರೆ. ಕೇಳದೆಯೇ ಸೇರಿಕೊಳ್ಳುವ ವೆಚ್ಚಗಳ ಬಗ್ಗೆ ನಾನು ಹೇಳುತ್ತೇನೆ.

ಪೆಟ್ರೋಲಿನಿಂದ ಶುರು ಮಾಡೋಣ. ಮನೆ ವಡಗಾವಿಯಲ್ಲಿ, ಕೊಳ ಆರು ಕಿಲೋಮೀಟರ್ ದೂರ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನ, ವರ್ಷಕ್ಕೆ 45 ವಾರ, ಅಂದರೆ 270 ದಿನ. ಮಗುವನ್ನು ಬಿಟ್ಟು ಮನೆಗೆ ಬಂದು ಮತ್ತೆ ಕರೆತರಲು ಹೋದರೆ ದಿನಕ್ಕೆ 24 ಕಿಲೋಮೀಟರ್, ವರ್ಷಕ್ಕೆ 6,480. ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಓಡಿದರೆ 144 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ 14,400 ರೂಪಾಯಿ. ಅಲ್ಲೇ ಕುಳಿತು ಕಾದರೆ ಇದರ ಅರ್ಧ ಉಳಿಯುತ್ತದೆ. ಆದರೆ ದಿನಕ್ಕೆ ಒಂದೂವರೆ ಗಂಟೆಯಂತೆ ವರ್ಷಕ್ಕೆ 405 ಗಂಟೆ ಕೊಳದ ಮೆಟ್ಟಿಲ ಮೇಲೆ ಕಳೆದಿರುತ್ತೀರಿ. ಅಂಗಡಿ ಇಟ್ಟವರಿಗೆ, ದಿನಗೂಲಿ ಇರುವವರಿಗೆ ಆ ಗಂಟೆಗಳೆಂದರೆ ದುಡಿಮೆಯೇ.

ಸಾಮಾನಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಣ್ಣಿಗೆ ಸರಿಯಾಗಿ ಕೂರುವ ಗಾಗಲ್ಸ್, ಸಿಲಿಕೋನ್ ಕ್ಯಾಪ್, ಅಭ್ಯಾಸದ ಉಡುಪು ಎರಡು ಜೊತೆ ಇದ್ದರೆ ಶುರು ಮಾಡಬಹುದು. ಕ್ಲೋರಿನ್ ಉಡುಪಿನ ಎಳೆತವನ್ನು ತಿಂದುಹಾಕುತ್ತದೆ, ಜೊತೆಗೆ ಮಕ್ಕಳೂ ಬೆಳೆಯುತ್ತಾರೆ. ಆದ್ದರಿಂದ ಉಡುಪು ವರ್ಷಕ್ಕೆ ಒಂದೆರಡು ಸಲ ಬದಲಾಗಲೇಬೇಕು. ಕೈಯಲ್ಲಿ ಹಿಡಿದು ಕಾಲು ಬಡಿಯುವ ಕಿಕ್ ಬೋರ್ಡ್, ಕಾಲಿಗೆ ಹಾಕುವ ಫಿನ್ ಮುಂತಾದವು ಕ್ಲಬ್ಬಿನಲ್ಲಿವೆಯೇ ಎಂದು ಮೊದಲು ನೋಡಿ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಸ್ಪರ್ಧೆಗೆಂದೇ ಬರುವ ಬಿಗಿಯಾದ ರೇಸಿಂಗ್ ಉಡುಪುಗಳ ಬೆಲೆ ಹತ್ತು ಸಾವಿರವನ್ನೂ ಮೀರುತ್ತದೆ. ಹತ್ತು ವರ್ಷದ ಮಗುವಿಗೆ ಅದು ಬೇಡವೇ ಬೇಡ. ಅಮೆರಿಕದ ಈಜು ಸಂಸ್ಥೆಯು 12 ವರ್ಷದವರೆಗಿನ ಮಕ್ಕಳಿಗೆ ಇಂಥ ಉಡುಪನ್ನು 2020ರಿಂದ ನಿಷೇಧಿಸಿದೆ. ಪಕ್ಕದ ಲೇನಿನ ಮಗು ಹಾಕಿದೆ ಎಂದು ನಿಮ್ಮ ಮಗು ಅತ್ತರೆ ಸಮಾಧಾನ ಮಾಡಿ, ಕೊಳ್ಳಲು ಹೋಗಬೇಡಿ.

ದೊಡ್ಡ ಖರ್ಚು ಇರುವುದು ಊರಾಚೆಯ ಸ್ಪರ್ಧೆಗಳಲ್ಲಿ. ಬೆಂಗಳೂರು ನಮಗೆ ಸುಮಾರು 500 ಕಿಲೋಮೀಟರ್. ರಾತ್ರಿಯ ರೈಲು, ಎರಡು ಮೂರು ದಿನ ವಸತಿಗೃಹ, ಊಟ, ಆಟೊ, ಮರಳಿ ರಾತ್ರಿಯ ರೈಲು. ಮಗುವಿನ ಜೊತೆ ತಂದೆಯೋ ತಾಯಿಯೋ ಇರಲೇಬೇಕು. ಅವರಿಗೆ ರಜೆ, ಮಗುವಿಗೆ ಶಾಲೆ ತಪ್ಪುವುದು. ಇಷ್ಟೆಲ್ಲ ಮಾಡಿ ಹೋದ ಮೇಲೆ ಮಗು ನೀರಿನಲ್ಲಿರುವುದು ಎಷ್ಟು ಹೊತ್ತು? 50 ಮೀಟರ್ ಫ್ರೀಸ್ಟೈಲ್, 100 ಮೀಟರ್ ಫ್ರೀಸ್ಟೈಲ್, 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಎಂದು ಮೂರಕ್ಕೆ ಹೆಸರು ಕೊಟ್ಟ ಹತ್ತು ವರ್ಷದ ಮಗುವಿನ ಒಟ್ಟು ಈಜು ನಾಲ್ಕು ನಿಮಿಷದ ಆಸುಪಾಸು. ಹೀಟ್ಸ್ ಎಂಬ ಮೊದಲ ಸುತ್ತಿನಲ್ಲಿ ಎಲ್ಲರ ಪೈಕಿ ಮೊದಲ ಎಂಟರೊಳಗೆ ಬಂದರೆ ಫೈನಲ್ಲಿಗೆ ಮತ್ತೊಮ್ಮೆ, ಇಲ್ಲದಿದ್ದರೆ ಅಷ್ಟೇ.

ನನ್ನ ಮಗಳ ಮೊದಲ ದೊಡ್ಡ ಸ್ಪರ್ಧೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗಿನ ಆರು ಗಂಟೆಗೆ ರೈಲಿನಿಂದ ಇಳಿದು, ಡಬ್ಬಿಯಲ್ಲಿ ತಂದಿದ್ದ ಚಪಾತಿ ತಿನ್ನಿಸಿ, ಕೊಳಕ್ಕೆ ಕರೆದುಕೊಂಡು ಹೋಗಿದ್ದೆವು. ಅವಳ ಸರದಿ ಬಂದದ್ದು ಹನ್ನೊಂದೂವರೆಗೆ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಮೊದಲ 50 ಮೀಟರನ್ನು ಅವಳು ಅಷ್ಟು ಚೆಂದವಾಗಿ ಎಂದೂ ಈಜಿರಲಿಲ್ಲ. ಗೋಡೆಯ ಹತ್ತಿರ ಬಂದಾಗ ಎಡಗೈ ಮೊದಲು ಮುಟ್ಟಿತು, ಬಲಗೈ ಹಿಂದಿನಿಂದ ಬಂತು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿಯೂ ಬಟರ್‌ಫ್ಲೈಯಲ್ಲಿಯೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ತಿರುವಿನ ಬಳಿ ನಿಂತಿದ್ದ ತೀರ್ಪುಗಾರರು ಕೈ ಎತ್ತಿದ್ದು ನನಗೆ ಕಂಡಿತು, ಅವಳಿಗೆ ಕಂಡಿರಲಿಲ್ಲ. ಉಳಿದ 50 ಮೀಟರನ್ನು ಅವಳು ಇದ್ದ ಬಲವನ್ನೆಲ್ಲ ಹಾಕಿ ಈಜಿದಳು. ಮೇಲೆ ಬಂದು ಟವೆಲ್ ಹೊದ್ದುಕೊಂಡು, ‘ಅಪ್ಪಾ, ಎಷ್ಟು ಟೈಮಿಂಗ್?’ ಎಂದು ಕೇಳಿದಳು. ಅನರ್ಹಳಾದವಳ ಸಮಯವನ್ನು ಫಲಿತಾಂಶದ ಹಾಳೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಹೇಳಬೇಕಾದವನು ನಾನಾಗಿದ್ದೆ. ತೀರ್ಪು ಸರಿಯಾಗಿಯೇ ಇತ್ತು. ಕೋಚ್ ಬೈಯಲಿಲ್ಲ. ‘ಸೋಮವಾರದಿಂದ ತಿರುವು ಮಾತ್ರ ಮಾಡೋಣ’ ಎಂದಷ್ಟೇ ಹೇಳಿದರು. ಆ ಒಂದು ಮಾತಿಗಾಗಿ ನಾನು ಅವರನ್ನು ಗೌರವಿಸುತ್ತೇನೆ. ಊರಾಚೆಯ ಸ್ಪರ್ಧೆಗೆ ಹಣ ಹೊಂದಿಸುವಾಗ ಇಂಥ ದಿನಕ್ಕೂ ಹಣ ಹೊಂದಿಸುತ್ತಿದ್ದೇವೆ ಎಂದು ಗೊತ್ತಿರಬೇಕು. ಮೊದಲ ಎರಡು ವರ್ಷ ಜಿಲ್ಲೆಯ ಒಳಗಿನ, ಹೆಚ್ಚೆಂದರೆ ಹುಬ್ಬಳ್ಳಿ-ಧಾರವಾಡದ ಕೂಟಗಳೇ ಸಾಕು ಎಂಬುದು ನನ್ನ ಅಭಿಪ್ರಾಯ. ಹಾರುವ, ತಿರುಗುವ, ಮುಟ್ಟುವ ತಪ್ಪುಗಳನ್ನು ಮನೆಯ ಹತ್ತಿರವೇ ಮಾಡಿ ಮುಗಿಸಬಹುದು.

ಹೊತ್ತಿನ ಲೆಕ್ಕ ಹಣಕ್ಕಿಂತ ಕಠಿಣ. ಒಂದೂವರೆ ಗಂಟೆ ಅಭ್ಯಾಸ, ಹೋಗಿ ಬರುವುದು, ಸ್ನಾನ, ಬಟ್ಟೆ ಬದಲಿಸುವುದು ಎಲ್ಲ ಸೇರಿ ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 675 ಗಂಟೆ. ಇದು ಒಂದು ಹೊತ್ತಿನ ಬ್ಯಾಚಿನ ಲೆಕ್ಕ. ಹದಿಮೂರು ಹದಿನಾಲ್ಕಕ್ಕೆ ಬಂದಾಗ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬನ್ನಿ ಎನ್ನುತ್ತಾರೆ.

ನಿದ್ರೆಯನ್ನು ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಐದೂವರೆಯ ಬ್ಯಾಚಿಗೆ ಮಗು ಐದಕ್ಕೆ ಏಳಬೇಕು. ಒಂಬತ್ತು ಗಂಟೆ ಮಲಗಬೇಕೆಂದರೆ ರಾತ್ರಿ ಎಂಟಕ್ಕೆ ಕಣ್ಣು ಮುಚ್ಚಿರಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ರಾತ್ರಿ ಎಂಟಕ್ಕೆ ಊಟವಾದರೂ ಆಗಿರುತ್ತದೆ? ರೊಟ್ಟಿ ತಟ್ಟುವ ಹೊತ್ತು ಬದಲಾಗಬೇಕು, ಟಿವಿಯ ಸದ್ದು ಇಳಿಯಬೇಕು, ಅಜ್ಜ-ಅಜ್ಜಿ ಊಟದ ಸಮಯ ಹೊಂದಿಸಿಕೊಳ್ಳಬೇಕು, ಮದುವೆ-ಮುಂಜಿಗಳಿಗೆ ಅರ್ಧಕ್ಕೇ ಎದ್ದು ಬರಬೇಕು. ಒಬ್ಬ ಮಗುವಿನ ಈಜಿಗೆ ಇಡೀ ಮನೆಯ ಗಡಿಯಾರ ತಿರುಗುತ್ತದೆ. ಚಿಕ್ಕ ಮಗ ಅಥವಾ ಮಗಳಿದ್ದರೆ ಆ ಮಗುವಿಗೆ ಯಾರು ತಲೆ ಬಾಚುತ್ತಾರೆ, ಯಾರು ಬಸ್ಸು ಹತ್ತಿಸುತ್ತಾರೆ ಎಂದು ಮೊದಲೇ ಕೂತು ಮಾತನಾಡಿ. ನಮ್ಮ ಮನೆಯಲ್ಲಿ ಅದು ನನ್ನ ಹೆಂಡತಿಯ ಪಾಲಿಗೆ ಬಂತು. ಬೆಳಗಿನ ನಾಲ್ಕೂವರೆಗೆ ಗ್ಯಾಸ್ ಹಚ್ಚುವವರು ಯಾರು ಎಂಬುದನ್ನು ನಾವು ಒಂದು ವರ್ಷ ಮಾತೇ ಆಡಿರಲಿಲ್ಲ. ಆಡಬೇಕಾಗಿತ್ತು. ಈಗ ವಾರ ಬಿಟ್ಟು ವಾರ ಹಂಚಿಕೊಂಡಿದ್ದೇವೆ.

ಬೆಳಗಾವಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮವಿದೆ. ಡಿಸೆಂಬರ್-ಜನವರಿಯ ಬೆಳಗುಗಳಲ್ಲಿ ತೆರೆದ ಕೊಳದ, ಕಾಯಿಸದ ನೀರು ಅದಕ್ಕಿಂತ ಬಹಳ ಕೆಳಗಿರುತ್ತದೆ. ತುಟಿ ನೀಲಿಗಟ್ಟಿದ ಮಗುವನ್ನು ನೀರಿನಲ್ಲಿ ಇರಿಸಿದರೆ ಅಭ್ಯಾಸವೂ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಗೊತ್ತೇ ಇದೆ. ಗುಡುಗು-ಮಿಂಚು ಬಂದರೆ ಎಲ್ಲರೂ ಮೇಲೆ ಬರಲೇಬೇಕು. ಆದ್ದರಿಂದ ‘ವರ್ಷಪೂರ್ತಿ ತರಬೇತಿ’ ಎಂದರೆ ನಿಜವಾಗಿ ನೀರಿಗಿಳಿಯುವುದು ಎಷ್ಟು ದಿನ ಎಂದು ಕೇಳಿ. ಒಂದು ಕಡೆ ನಾನು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದ ಮೇಲೆ ದುರಸ್ತಿಗೆಂದು ಏಳು ವಾರ ಕೊಳ ಮುಚ್ಚಿದರು, ಹಣ ಮರಳಲಿಲ್ಲ. ಅಂದಿನಿಂದ ಮೂರು ತಿಂಗಳಿಗಿಂತ ಹೆಚ್ಚಿನದನ್ನು ಮುಂಗಡ ಕಟ್ಟುವುದಿಲ್ಲ.

ಇನ್ನು ಮಗುವಿನ ಮೈ. ಹತ್ತು-ಹನ್ನೊಂದನೆಯ ವಯಸ್ಸಿನ ಪದಕಗಳನ್ನು ನೋಡಿ ಮುಂದಿನ ಹತ್ತು ವರ್ಷ ನಿರ್ಧರಿಸುವ ತಪ್ಪು ಬಹಳ ಕಡೆ ಆಗುತ್ತದೆ. ಫೆಡರೇಷನ್ನಿನ ಕೂಟಗಳಲ್ಲಿ ಗುಂಪು ಮಾಡುವುದು ಹುಟ್ಟಿದ ವರ್ಷದ ಮೇಲೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ನಿಲ್ಲುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ತೋಳಿನ ಉದ್ದದಲ್ಲಿಯೂ ದಮ್ಮಿನಲ್ಲಿಯೂ ಎದ್ದು ಕಾಣುವ ವ್ಯತ್ಯಾಸ. ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಒಂದೆರಡು ವರ್ಷ ಮೊದಲೇ ಎತ್ತರವಾಗುತ್ತಾರೆ. ಬೇಗ ಬೆಳೆದ ಮಗು ಬೇಗ ಗೆಲ್ಲುತ್ತದೆ. ಉಳಿದವರು ಬೆಳೆದು ಸಮ ಬಂದಾಗ ಆ ಗೆಲುವು ನಿಲ್ಲಬಹುದು. ಅದೇ ರೀತಿ ಹನ್ನೊಂದಕ್ಕೆ ಕೊನೆಯ ಲೇನಿನಲ್ಲಿದ್ದವನು ಹದಿನೈದಕ್ಕೆ ಮುಂದೆ ಬರಬಹುದು. ಆದ್ದರಿಂದ ಬೇರೆಯವರ ಸಮಯದ ಜೊತೆ ಹೋಲಿಸುವುದನ್ನು ಬಿಟ್ಟು ಮಗುವಿನದೇ ಆರು ತಿಂಗಳ ಹಿಂದಿನ ಸಮಯವನ್ನು ಪಕ್ಕಕ್ಕಿಟ್ಟು ನೋಡಿ.

ಒಂದೇ ಆಟಕ್ಕೆ ಮಗುವನ್ನು ಬೇಗ ಕಟ್ಟಿಹಾಕಬೇಡಿ ಎಂದು ಮಕ್ಕಳ ವೈದ್ಯರೂ ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2016ರ ವರದಿಯ ಪ್ರಕಾರ, ಹೆಚ್ಚಿನ ಆಟಗಳಲ್ಲಿ ಆ ನಿರ್ಧಾರವನ್ನು 15-16 ವರ್ಷದವರೆಗೆ ಮುಂದೂಡುವುದು ಒಳ್ಳೆಯದು. ವಾರಕ್ಕೆ ಒಂದೆರಡು ದಿನ ಬಿಡುವು, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇರಬೇಕು. ಈಜುಗಾರರಿಗೆ ಮೊದಲು ಕೈಕೊಡುವುದು ಭುಜ. ಒಂದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡಿದಾಗ ಕೀಲಿನ ಸುತ್ತಲಿನ ಸ್ನಾಯುಗಳು ಸೋಲುತ್ತವೆ. ‘ಭುಜ ನೋಯುತ್ತಿದೆ’ ಎಂದು ಮಗು ಹೇಳಿದರೆ ಅದನ್ನು ನೆಪ ಎಂದು ತಳ್ಳಿಹಾಕುವ ಕೋಚಿನ ಬಳಿ ಮಗುವನ್ನು ಬಿಡಬೇಡಿ. ಹೆಣ್ಣುಮಕ್ಕಳ ಮುಟ್ಟಿನ ವಿಷಯವನ್ನೂ ಮುಚ್ಚಿಡದೆ ಮಾತನಾಡಬೇಕು. ಹನ್ನೆರಡು ಹದಿಮೂರಕ್ಕೆ ಎಷ್ಟೋ ಹುಡುಗಿಯರು ಕಾರಣ ಹೇಳದೆ ಕೊಳ ಬಿಟ್ಟುಹೋಗುವುದನ್ನು ನಾನು ನೋಡಿದ್ದೇನೆ. ಆ ದಿನಗಳಲ್ಲಿ ನೀರಿಗೆ ಇಳಿಯುವುದು, ಇಳಿಯದಿರುವುದು ಹುಡುಗಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಕ್ಲಬ್ಬಿನವರೇ ಮೊದಲ ದಿನ ಹೇಳಿದರೆ ಅರ್ಧ ಸಂಕೋಚ ಹೋಗುತ್ತದೆ.

ಇಷ್ಟು ಕೊಟ್ಟು ಪಡೆಯುವುದೇನು? ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟುಗಳಿವೆ. ಕೇಂದ್ರ ಸರ್ಕಾರದ ಖೇಲೊ ಇಂಡಿಯಾ ಕ್ರೀಡಾ ಯೋಜನೆಗೆ ಆಯ್ಕೆಯಾದವರಿಗೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಕೈಖರ್ಚಿಗೆ ಕೊಡುತ್ತಾರೆ. ಅಲ್ಲಿಯವರೆಗೆ ಹೋಗುವ ಮಕ್ಕಳು ಬೆರಳೆಣಿಕೆಯಷ್ಟು. ಆ ಸೀಟನ್ನು ನಂಬಿ ಎಂಟನೆಯ ವರ್ಷದಿಂದ ಹಣ ಹೂಡುವುದಾದರೆ ಅದೇ ಹಣವನ್ನು ಅಂಚೆ ಕಚೇರಿಯಲ್ಲಿ ಇಡುವುದು ಮೇಲು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಹೋದ ಶಿಖಾ ಟಂಡನ್, 2024ರಲ್ಲಿ ಹದಿನಾಲ್ಕನೆಯ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್ ತಲುಪಿದ ಧಿನಿಧಿ ದೇಸಿಂಗು ಎಲ್ಲರೂ ಬೆಂಗಳೂರಿನವರು. ಅಲ್ಲಿನ ಕೊಳಗಳು, ಕೋಚ್‌ಗಳು, ಪ್ರತಿ ಲೇನಿನಲ್ಲಿರುವ ಪೈಪೋಟಿ ಈ ಮೇಲಿನ ಹಂತಕ್ಕೆ ಬೇಕು. ನಮ್ಮ ಕಡೆಯ ಮಗು ನಿಜವಾಗಿ ಆ ಮಟ್ಟಕ್ಕೆ ಬಂದರೆ ಹದಿನಾಲ್ಕು ಹದಿನೈದರ ಹೊತ್ತಿಗೆ ಊರು ಬಿಡುವ ಪ್ರಶ್ನೆ ಎದುರಾಗುತ್ತದೆ. ಎಸ್‌ಎಸ್‌ಎಲ್‌ಸಿಯೂ ಅದೇ ಹೊತ್ತಿಗೆ ಬರುತ್ತದೆ. ಆ ನಿರ್ಧಾರವನ್ನು ಇವತ್ತೇ ಮಾಡಬೇಕಿಲ್ಲ, ಆದರೆ ಮುಂದೊಂದು ದಿನ ಬಂದೀತು ಎಂದು ತಿಳಿದಿರಲಿ.

ಆದರೂ ನಾನು ಮಗಳನ್ನು ಬಿಡಿಸಲಿಲ್ಲ. ಅವಳ ಉಸಿರು ಬಲವಾಗಿದೆ, ಹಸಿವು ಹೆಚ್ಚಿದೆ, ಓಣಿಯಲ್ಲಿ ಇಲ್ಲದ ಗೆಳತಿಯರು ಕೊಳದಲ್ಲಿ ಸಿಕ್ಕಿದ್ದಾರೆ. ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ರಿಲೇ ತಂಡದಲ್ಲಿ ಈಜುತ್ತಾರೆ. ಒಬ್ಬಳು ಗೋಡೆ ಮುಟ್ಟುವವರೆಗೆ ಇನ್ನೊಬ್ಬಳು ಹಾರುವಂತಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ, ‘ಈ ವರ್ಷವೂ ಹೋಗುತ್ತೀಯಾ?’ ಎಂದು ಕೇಳುತ್ತೇವೆ. ಕೇಳುವಾಗ ಹಿಂದಿನ ವರ್ಷದ ಖರ್ಚಿನ ಮಾತನ್ನು ಎತ್ತುವುದಿಲ್ಲ. ಕಟ್ಟಿದ ಹಣಕ್ಕಾಗಿ ಈಜುವ ಮಗು ಬಹಳ ದಿನ ಈಜುವುದಿಲ್ಲ. ಕಳೆದ ವರ್ಷ ಅವಳು ಎರಡು ದಿನ ಯೋಚಿಸಿ ಆಮೇಲೆ ಹೂಂ ಅಂದಳು.

ನೀವು ಸೇರಿಸುವ ಯೋಚನೆಯಲ್ಲಿದ್ದರೆ ಹಣ ಕಟ್ಟುವ ಮುನ್ನ ಮೂರು ದಿನ ಬೆಳಿಗ್ಗೆ ಐದೂವರೆಗೆ ಹೋಗಿ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತು ನೋಡಿ. ಮೂಗಿಗೆ ಘಾಟು ಹೊಡೆದು ಕಣ್ಣು ಉರಿದರೆ ಕ್ಲೋರಿನ್ ಹೆಚ್ಚಾಗಿ ನೀರು ಸ್ವಚ್ಛವಾಗಿದೆ ಎಂದುಕೊಳ್ಳಬೇಡಿ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಬೆರೆತಾಗ ಹುಟ್ಟುವ ವಾಸನೆ ಅದು. ನೀರಿನ ಮೇಲೆ ಕಣ್ಣಿಟ್ಟು ನಿಂತ ಜೀವರಕ್ಷಕರು ಇದ್ದಾರೆಯೇ, ಹುಡುಗಿಯರ ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ ಎಂದು ನೋಡಿ. ಆಮೇಲೆ ಕೊನೆಯ ಲೇನಿನ ಕಡೆ ಕಣ್ಣು ಹಾಯಿಸಿ. ಬ್ಯಾಚಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಈಜುವ ಮಗು ಅಲ್ಲಿರುತ್ತದೆ. ಆ ಒಂದೂವರೆ ಗಂಟೆಯಲ್ಲಿ ಕೋಚ್ ಎಷ್ಟು ಸಲ ಆ ಮಗುವಿನ ತುದಿಗೆ ನಡೆದು ಹೋಗಿ, ಬಗ್ಗಿ ಕುಳಿತು, ಹೆಸರು ಹಿಡಿದು ಮಾತನಾಡಿಸುತ್ತಾರೆ ಎಂದು ಎಣಿಸಿ.